ಆಂಪ್ಲಿಫೈಯರ್‌ಗೆ ಸ್ಟೆಬಿಲೈಸರೋ, ಯುಪಿಎಸ್ಸೋ, ಐಸೋಲೇಷನ್ ಟ್ರಾನ್ಸ್‌ಫಾರ್ಮರೋ? ಮೊದಲು ಮೀಟರ್ ಹಿಡಿಯಿರಿ

ಸ್ಪೀಕರ್‌ನಲ್ಲಿ ಸದಾ ಗುಂಯ್ ಅನ್ನುವ ಸದ್ದು. ಸಂಜೆ ಏಳರ ಹೊತ್ತಿಗೆ ತಾನಾಗಿಯೇ ಆಫ್ ಆಗುವ ಆಂಪ್ಲಿಫೈಯರ್. ಗುಡುಗು ಸಿಡಿಲಿನ ಮಾರನೇ ದಿನ ಉಸಿರೇ ಎತ್ತದ ಸಬ್‌ವೂಫರ್. ಈ ಮೂರಕ್ಕೂ ಅಂಗಡಿಯವರ ಮದ್ದು ಒಂದೇ: “ಒಳ್ಳೇ ಪವರ್ ಕಂಡೀಷನರ್ ಹಾಕ್ಸಿ ಸಾರ್.” ಆದರೆ ಇವು ಮೂರು ಬೇರೆ ಬೇರೆ ಕಾಯಿಲೆಗಳು. ಮೊದಲನೆಯದು ಬಹುತೇಕ ಅರ್ಥ್ ಲೂಪ್, ಅಂದರೆ ಉಪಕರಣಗಳ ಅರ್ಥ್ ಎರಡು ದಾರಿಯಲ್ಲಿ ಸೇರಿ ಆಗುವ ಸುತ್ತು. ಎರಡನೆಯದು ಲೋ ವೋಲ್ಟೇಜ್ ಅಥವಾ ಸಡಿಲ ಜಾಯಿಂಟ್. ಮೂರನೆಯದು ಸರ್ಜ್, ಅಂದರೆ ಕ್ಷಣಮಾತ್ರದ ಭಾರೀ ವೋಲ್ಟೇಜ್ ಏಟು. ಒಂದರ ಔಷಧಿ ಇನ್ನೊಂದಕ್ಕೆ ನಾಟುವುದಿಲ್ಲ. ಸರ್ವೋ ಸ್ಟೆಬಿಲೈಸರ್ ತಂದವರ ಮನೆಯಲ್ಲಿ ಗುಂಯ್ ಸದ್ದು ಹಾಗೇ ಉಳಿಯುವುದು ಇದೇ ಕಾರಣಕ್ಕೆ.

ಆದ್ದರಿಂದ ಯಾವ ಪೆಟ್ಟಿಗೆ ಕೊಳ್ಳಬೇಕು ಅನ್ನುವುದಕ್ಕೆ ಮೊದಲು ನಿಮ್ಮ ಮನೆಯ ಕರೆಂಟಿಗೆ ಏನಾಗಿದೆ ಅಂತ ನೋಡೋಣ.

ಒಂದು ವಾರದ ಅಳತೆ

ಬೇಕಾದ್ದು ಒಂದು ಡಿಜಿಟಲ್ ಮಲ್ಟಿಮೀಟರ್. 600 ವೋಲ್ಟ್ ಎಸಿ ರೇಂಜ್ ಇರಲಿ, ಪ್ರೋಬ್‌ಗಳ ಇನ್ಸುಲೇಷನ್ ಎಲ್ಲೂ ಹರಿದಿರಬಾರದು. ಸಿಸ್ಟಮ್ ಚುಚ್ಚುವ ಸಾಕೆಟ್‌ನಲ್ಲೇ ಮೂರು ಅಳತೆ ತೆಗೆಯಿರಿ: ಫೇಸ್‌ನಿಂದ ನ್ಯೂಟ್ರಲ್‌ಗೆ, ಫೇಸ್‌ನಿಂದ ಅರ್ಥ್‌ಗೆ, ನ್ಯೂಟ್ರಲ್‌ನಿಂದ ಅರ್ಥ್‌ಗೆ. ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಎರಡಕ್ಕೆ, ರಾತ್ರಿ ಎಂಟಕ್ಕೆ, ಹೀಗೆ ಒಂದು ವಾರ ಬರೆದಿಡಿ. ಬೇಸಿಗೆಯಲ್ಲಿ ಮಾಡಿದರೆ ಇನ್ನೂ ಒಳ್ಳೆಯದು, ಏಕೆಂದರೆ ಏರ್ ಕಂಡೀಷನರ್‌ಗಳು ಓಡುವ ರಾತ್ರಿಗಳಲ್ಲಿ ಲೈನ್‌ನ ನಿಜ ಬಣ್ಣ ಬಯಲಾಗುತ್ತದೆ.

ನಮ್ಮ ಪೂರೈಕೆ 230 ವೋಲ್ಟ್, 50 ಹರ್ಟ್ಸ್. ಶೇ 6ರ ಆಚೀಚೆ ಅಂದರೆ ಸುಮಾರು 216ರಿಂದ 244. ಈ ಒಳಗೆ ಓಡಾಡುತ್ತಿದ್ದರೆ ಸ್ಟೆಬಿಲೈಸರ್ ಮಾತನ್ನೇ ಮರೆತುಬಿಡಿ. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ವೋಲ್ಟ್ ಒಳಗಿದ್ದರೆ ಚೆನ್ನ. ಐದು ದಾಟಿದರೆ ಎಲ್ಲೋ ನ್ಯೂಟ್ರಲ್ ಜಾಯಿಂಟ್ ಬಿಸಿಯಾಗುತ್ತಿದೆ, ಇಲ್ಲವೇ ಅರ್ಥ್ ಕೈಕೊಟ್ಟಿದೆ. ಯಾವ ಲೋಡ್ ಹಾಕಿದರೂ ಪಕ್ಕಾ ಸೊನ್ನೆಯೇ ತೋರಿಸಿದರೆ ಅದೂ ಅನುಮಾನದ ವಿಷಯವೇ: ಯಾರೋ ಸಾಕೆಟ್ ಹಿಂದೆ ನ್ಯೂಟ್ರಲ್‌ನಿಂದಲೇ ಅರ್ಥ್ ಪಿನ್‌ಗೆ ತುಂಡು ವೈರ್ ಎಳೆದಿರಬಹುದು. ಅಂಥ ಮನೆಯಲ್ಲಿ ನ್ಯೂಟ್ರಲ್ ಕಟ್ ಆದ ದಿನ ಆಂಪ್ಲಿಫೈಯರ್‌ನ ಲೋಹದ ಮೈಗೇ ಫೇಸ್ ಬರುತ್ತದೆ. ಫೇಸ್‌ನಿಂದ ಅರ್ಥ್‌ಗೆ 100, 120 ಹೀಗೆ ಅರ್ಧಂಬರ್ಧ ಸಂಖ್ಯೆ ಕಂಡರೆ ಅರ್ಥ್ ವೈರ್ ಎಲ್ಲೋ ತುಂಡಾಗಿ ತೇಲುತ್ತಿದೆ.

ಇನ್ನೊಂದು ಪರೀಕ್ಷೆ ಬಹಳ ಉಪಯುಕ್ತ, ಯಾರೂ ಮಾಡುವುದಿಲ್ಲ. ಅದೇ ಸಾಲಿನ ಸಾಕೆಟ್‌ಗೆ 1000 ವ್ಯಾಟ್‌ನ ಇಸ್ತ್ರಿ ಪೆಟ್ಟಿಗೆ ಹಾಕಿ, ವೋಲ್ಟೇಜ್ ಎಷ್ಟು ಇಳಿಯಿತು ನೋಡಿ. ಇಸ್ತ್ರಿ ಪೆಟ್ಟಿಗೆ ಎಳೆಯುವುದು ಸುಮಾರು 4.3 ಆಂಪಿಯರ್. ಬೋರ್ಡ್‌ನಿಂದ 20 ಮೀಟರ್ ದೂರಕ್ಕೆ 1.5 ಚದರ ಮಿ.ಮೀ. ತಾಮ್ರದ ವೈರ್ ಇದ್ದರೆ ಹೋಗಿ ಬರುವ ದಾರಿಯ ರೆಸಿಸ್ಟೆನ್ಸ್ ಅರ್ಧ ಓಮ್‌ನಷ್ಟು, ಇಳಿಯಬೇಕಾದ್ದು ಎರಡು ವೋಲ್ಟ್. 2.5 ಚದರ ಮಿ.ಮೀ. ಆದರೆ ಒಂದೂಕಾಲು. ಎಂಟು ಹತ್ತು ವೋಲ್ಟ್ ಇಳಿದರೆ ಸ್ವಿಚ್, ಎಂಸಿಬಿ (ಲೋಡ್ ಮಿತಿಮೀರಿದರೆ ಬೀಳುವ ಸ್ವಿಚ್), ಮೀಟರ್ ಬೋರ್ಡ್ ಅಥವಾ ಕಂಬದ ಮೇಲಿನ ಜಂಪರ್ (ಜೋಡಣೆಯ ತುಂಡು ತಂತಿ), ಇವುಗಳಲ್ಲಿ ಎಲ್ಲೋ ಒಂದು ಕಡೆ ಸಡಿಲ ಇದೆ. ಇದನ್ನು ಎಲೆಕ್ಟ್ರಿಷಿಯನ್ ಸ್ಕ್ರೂಡ್ರೈವರ್‌ನಲ್ಲಿ ಸರಿಮಾಡುತ್ತಾರೆ, ಮೀಟರ್‌ನಿಂದ ಆಚೆಯದಾದರೆ ವಿದ್ಯುತ್ ಸಹಾಯವಾಣಿ 1912ಕ್ಕೆ ದೂರು ಕೊಡಿ. ಸಡಿಲ ಜಾಯಿಂಟ್ ಇಟ್ಟುಕೊಂಡು ಸ್ಟೆಬಿಲೈಸರ್ ಹಾಕಿದರೆ ಅದು ಕಡಿಮೆಯಾದ ವೋಲ್ಟೇಜ್ ತುಂಬಿಸಲು ಇನ್ನೂ ಹೆಚ್ಚು ಕರೆಂಟ್ ಎಳೆದು ಜಾಯಿಂಟ್ ಇನ್ನಷ್ಟು ಬೇಗ ಸುಡುವಂತೆ ಮಾಡುತ್ತದೆ.

ಅರ್ಥಿಂಗ್: ಕಡಿಮೆ ಖರ್ಚು, ಹೆಚ್ಚು ಫಲ

ಮನೆಯ ಅರ್ಥ್ 5 ಓಮ್ ಒಳಗಿರಲಿ. ಎಲೆಕ್ಟ್ರಿಷಿಯನ್‌ಗೆ ಅರ್ಥ್ ಟೆಸ್ಟರ್ ತರಲು ಹೇಳಿ. ಬರೀ ಟೆಸ್ಟ್ ಲ್ಯಾಂಪ್ ಉರಿಸಿ “ಚೆನ್ನಾಗಿದೆ” ಅಂದರೆ ಅದು ಪೂರ್ತಿ ಸುದ್ದಿಯಲ್ಲ (30 ಮಿಲಿಆಂಪ್‌ನ ಆರ್‌ಸಿಸಿಬಿ, ಅಂದರೆ ಅರ್ಥ್‌ಗೆ ಕರೆಂಟ್ ಸೋರಿದರೆ ಬೀಳುವ ಸ್ವಿಚ್, ಇರುವ ಮನೆಯಲ್ಲಿ ಲ್ಯಾಂಪ್ ಹಿಡಿದ ಕೂಡಲೇ ಟ್ರಿಪ್ ಆಗುತ್ತದೆ, ಆಗಲೇಬೇಕು). ಹಳೇ ಪದ್ಧತಿಯ ಗುಂಡಿಯಲ್ಲಿ ಎರಡೂವರೆ ಮೀಟರ್ ಜಿಐ ಪೈಪ್, ಸುತ್ತ ಇದ್ದಿಲು, ಉಪ್ಪು. ಉಪ್ಪು ನೀರಲ್ಲಿ ಕರಗಿ ಹೋಗುತ್ತದೆ, ಪೈಪನ್ನೂ ತಿನ್ನುತ್ತದೆ. ಈಗ ಸಿಗುವ ಬೆಂಟೊನೈಟ್ ಬಗೆಯ ಫಿಲ್ಲಿಂಗ್ ಪುಡಿ ತೇವ ಹಿಡಿದಿಡುತ್ತದೆ. ಹೊಸದಾಗಿ ತೋಡುವುದಾದರೆ ಅದೇ ವಾಸಿ.

ಅರ್ಥ್‌ನ ಗುಣ ಮಣ್ಣಿನ ಮೇಲೂ ನಿಂತಿದೆ. ಬಯಲುಸೀಮೆಯ ಎರೆಮಣ್ಣು ತೇವ ಇದ್ದಷ್ಟು ದಿನ ಒಳ್ಳೆಯ ಅರ್ಥ್ ಕೊಡುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಪೈಪಿನಿಂದ ದೂರ ಸರಿದಾಗ ರೆಸಿಸ್ಟೆನ್ಸ್ ಏರುತ್ತದೆ. ಕರಾವಳಿ, ಮಲೆನಾಡಿನ ಮುರಕಲ್ಲಿನ ನೆಲದಲ್ಲಿ ಮಳೆಗಾಲದ ಅಳತೆಯನ್ನು ನಂಬಬೇಡಿ, ಏಪ್ರಿಲ್‌ನಲ್ಲಿ ಇನ್ನೊಮ್ಮೆ ನೋಡಿ. ಬಂಡೆಯ ಮೇಲೆ ಕೂತಿರುವ ಬೆಂಗಳೂರಿನ ಅನೇಕ ಬಡಾವಣೆಗಳಲ್ಲಿ ಒಂದು ಗುಂಡಿ ಸಾಲದು. ಎರಡು ತೋಡಿ, ಪೈಪಿನ ಉದ್ದದಷ್ಟಾದರೂ ಅಂತರ ಬಿಟ್ಟು ಜೋಡಿಸಬೇಕಾಗುತ್ತದೆ.

ಆಡಿಯೋ ಹುಚ್ಚಿನವರಲ್ಲಿ ಒಂದು ಅಪಾಯದ ಫ್ಯಾಷನ್ ಇದೆ: ಸಿಸ್ಟಮ್‌ಗೆ ಮಾತ್ರ “ಕ್ಲೀನ್ ಅರ್ಥ್” ಅಂತ ತೋಟದಲ್ಲಿ ಬೇರೆ ರಾಡ್ ಹೊಡೆದು, ಮನೆಯ ಅರ್ಥ್‌ಗೆ ಸೇರಿಸದೆ ಬಿಡುವುದು. ಹತ್ತಿರದಲ್ಲಿ ಸಿಡಿಲು ಬಿದ್ದಾಗ ಎರಡು ಅರ್ಥ್‌ಗಳ ನಡುವೆ ಸಾವಿರಾರು ವೋಲ್ಟ್ ವ್ಯತ್ಯಾಸ ಬರಬಹುದು. ಅದು ದಾರಿ ಹುಡುಕಿಕೊಳ್ಳುವುದು ನಿಮ್ಮ ಎಚ್‌ಡಿಎಂಐ ಕೇಬಲ್ ಮೂಲಕ. ಎಷ್ಟು ರಾಡ್ ಬೇಕಾದರೂ ಹೊಡೆಯಿರಿ, ಎಲ್ಲವೂ ಒಂದೇ ಅರ್ಥ್ ಬಾರ್‌ಗೆ ಸೇರಬೇಕು.

ರಕ್ಷಣೆ: ಸ್ಪೈಕ್ ಗಾರ್ಡ್, ಎಸ್‌ಪಿಡಿ, ವೋಲ್ಟೇಜ್ ಕಟ್‌ಆಫ್

ಸಾವಿರ ರೂಪಾಯಿಯೊಳಗಿನ ಸ್ಪೈಕ್ ಗಾರ್ಡ್ ಬಿಚ್ಚಿದರೆ ಒಳಗೆ ಕಾಣುವುದು ಒಂದರಿಂದ ಮೂರು ನೀಲಿ ಬಿಲ್ಲೆಗಳು, ಅಂದರೆ ಎಂಒವಿ (ವೋಲ್ಟೇಜ್ ಮಿತಿಮೀರಿದಾಗ ಕರೆಂಟ್ ಹಾಯಿಸಿ ಸ್ಪೈಕ್ ತಡೆಯುವ ಬಿಡಿಭಾಗ). ಸಾಮಾನ್ಯವಾಗಿ 275 ವೋಲ್ಟ್ ರೇಟಿಂಗ್‌ನದು. ಮೈಕ್ರೊಸೆಕೆಂಡುಗಳ ಸ್ಪೈಕ್ ಬಂದಾಗ ಅದನ್ನು 700 ವೋಲ್ಟ್ ಆಸುಪಾಸಿಗೆ ತಡೆಯುತ್ತದೆ. ಪ್ರತಿ ಏಟಿಗೂ ಸ್ವಲ್ಪ ಸ್ವಲ್ಪ ಸವೆಯುತ್ತದೆ. ಹೊರಗಿನ ಕೆಂಪು ನಿಯಾನ್ ದೀಪ ಉರಿಯುತ್ತಿದೆ ಅಂದ ಮಾತ್ರಕ್ಕೆ ಎಂಒವಿ ಬದುಕಿದೆ ಅಂತಲ್ಲ. ಬಹುತೇಕ ಪೆಟ್ಟಿಗೆಗಳಲ್ಲಿ ಆ ದೀಪ ಕರೆಂಟ್ ಇದೆ ಅಂತ ಮಾತ್ರ ಹೇಳುತ್ತದೆ. ಸಿಡಿಲಿನ ಊರಿನಲ್ಲಿ ಎರಡು ಮೂರು ವರ್ಷಕ್ಕೊಮ್ಮೆ ಬದಲಿಸುವುದೇ ಜಾಣತನ.

ಇದಕ್ಕಿಂತ ಗಟ್ಟಿ ಉಪಾಯ ಡಿಬಿಯಲ್ಲಿ (ಎಂಸಿಬಿಗಳಿರುವ ಪೆಟ್ಟಿಗೆ) ಕೂರುವ ಟೈಪ್ 2 ಎಸ್‌ಪಿಡಿ, ಅಂದರೆ ಸರ್ಜ್ ತಡೆಯುವ ಸಾಧನ. ಫೇಸ್, ನ್ಯೂಟ್ರಲ್ ನಡುವೆ ಎಂಒವಿ, ನ್ಯೂಟ್ರಲ್, ಅರ್ಥ್ ನಡುವೆ ಗ್ಯಾಸ್ ಟ್ಯೂಬ್ ಇರುವ ಮಾದರಿ ನಮ್ಮ ಮನೆಗಳಿಗೆ ಸರಿ. ಕಿಟಕಿಯಲ್ಲಿ ಹಸಿರು ಹೋಗಿ ಕೆಂಪು ಬಂದರೆ ಕಾರ್ಟ್‌ರಿಡ್ಜ್ ಮಾತ್ರ ಬದಲಿಸಬಹುದು. ಇದನ್ನು ಕೂರಿಸುವಾಗ ಆಗುವ ತಪ್ಪು ಒಂದೇ, ಎಲ್ಲ ಕಡೆಯೂ ಅದೇ: ಉದ್ದನೆಯ ವೈರ್. ಫೇಸ್‌ನಿಂದ ಎಸ್‌ಪಿಡಿಗೆ, ಎಸ್‌ಪಿಡಿಯಿಂದ ಅರ್ಥ್ ಬಾರ್‌ಗೆ ಒಟ್ಟು ಅರ್ಧ ಮೀಟರ್ ಮೀರಬಾರದು. ಸುರುಳಿ ಸುತ್ತಿ ಅಂದವಾಗಿ ಕಟ್ಟಿದ ವೈರ್ ಸರ್ಜ್‌ನ ವೇಗಕ್ಕೆ ದೊಡ್ಡ ತಡೆಯಾಗಿ, ರಕ್ಷಣೆಯನ್ನೇ ಕೆಡಿಸುತ್ತದೆ. ಅರ್ಥ್ ಸರಿಯಿಲ್ಲದ ಮನೆಯಲ್ಲಿ ಎಸ್‌ಪಿಡಿ ಅರ್ಧ ಕೆಲಸವನ್ನೂ ಮಾಡುವುದಿಲ್ಲ.

ಆದರೆ ನಮ್ಮ ಊರುಗಳಲ್ಲಿ ಆಂಪ್ಲಿಫೈಯರ್, ಟಿವಿ ಸುಡುವ ಇನ್ನೊಂದು ದೊಡ್ಡ ಕಾರಣಕ್ಕೆ ಇವೆರಡೂ ಉತ್ತರವಲ್ಲ. ಗಾಳಿಮಳೆಗೆ ಕೊಂಬೆ ಬಿದ್ದು ಕಂಬದಲ್ಲಿ ನ್ಯೂಟ್ರಲ್ ತುಂಡಾಯಿತು ಅನ್ನಿ. ಮೂರು ಫೇಸ್‌ಗಳ ಮನೆಗಳು ಒಂದಕ್ಕೊಂದು ಸರಣಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಎರಡು ಫೇಸ್ ನಡುವೆ ಇರುವುದು ಸುಮಾರು 400 ವೋಲ್ಟ್. ಕಡಿಮೆ ಲೋಡ್ ಇರುವ ಮನೆಗೆ 300, 350 ಕೂಡ ಬರಬಹುದು, ಅದೂ ಮೈಕ್ರೊಸೆಕೆಂಡ್ ಅಲ್ಲ, ಲೈನ್‌ಮನ್ ಬರುವವರೆಗೆ. ಎಂಒವಿ ಅದನ್ನು ಹೀರಲು ಹೋಗಿ ತಾನೇ ಹೊತ್ತಿಕೊಳ್ಳುತ್ತದೆ. ಇದಕ್ಕೆ ಬೇಕಾದ್ದು ಡಿಬಿಯೊಳಗಿನ ಡಿನ್ ರೈಲ್ ಪಟ್ಟಿಗೆ ಕೂರುವ ಓವರ್-ಅಂಡರ್ ವೋಲ್ಟೇಜ್ ಪ್ರೊಟೆಕ್ಟರ್, ಅಂದರೆ ಮಿತಿ ದಾಟಿದರೆ ಕರೆಂಟ್ ಕಡಿಯುವ ಕಟ್‌ಆಫ್. ಮೇಲಿನ ಮಿತಿ 260-270, ಕೆಳಗಿನ ಮಿತಿ 170-180, ವೋಲ್ಟೇಜ್ ಸರಿಹೋದ ಮೇಲೆ ಮತ್ತೆ ಕೊಡಲು 60 ಸೆಕೆಂಡ್ ಅಥವಾ ಹೆಚ್ಚು ತಡ. ಆಂಪಿಯರ್ ರೇಟಿಂಗ್ ಆ ಸರ್ಕ್ಯೂಟಿನ ಎಂಸಿಬಿಗೆ ಸಮ ಅಥವಾ ಮೇಲೆ ಇರಲಿ. ಆಡಿಯೋಗೆ ಒಂದೇ ಒಂದು ವಸ್ತು ಕೊಳ್ಳುವಷ್ಟು ದುಡ್ಡಿದೆ ಅಂದರೆ ನಾವು ಹೇಳುವುದು ಇದನ್ನೇ. ಧ್ವನಿಯಲ್ಲಿ ಎಳ್ಳಷ್ಟೂ ಬದಲಾವಣೆ ಮಾಡುವುದಿಲ್ಲ, ಅದಕ್ಕೇ ಯಾವ ಹೈ-ಫೈ ಅಂಗಡಿಯೂ ಮಾರುವುದಿಲ್ಲ.

ಏಪ್ರಿಲ್-ಮೇ ತಿಂಗಳ ಗುಡುಗು ಮಳೆಗೆ ಪ್ಲಗ್ ಕೀಳುವ ಅಭ್ಯಾಸಕ್ಕೆ ಸಮ ಯಾವುದೂ ಇಲ್ಲ. ಬರೀ ಕರೆಂಟ್ ಪ್ಲಗ್ ಕಿತ್ತರೆ ಸಾಲದು, ಡಿಶ್, ಕೇಬಲ್, ಇಂಟರ್ನೆಟ್ ವೈರ್‌ಗಳನ್ನೂ ಕೀಳಬೇಕು.

ಸ್ಟೆಬಿಲೈಸರ್: ಬೇಕೇ ಬೇಕೇ?

ಲೋ ವೋಲ್ಟೇಜ್‌ನಲ್ಲಿ ಧ್ವನಿಗೆ ನಿಜವಾಗಿ ಏನಾಗುತ್ತದೆ? ಮಾಮೂಲಿ ಕ್ಲಾಸ್ ಎಬಿ ಆಂಪ್ಲಿಫೈಯರ್‌ನ ಟ್ರಾನ್ಸ್‌ಫಾರ್ಮರ್ ಸಪ್ಲೈಗೆ ರೆಗ್ಯುಲೇಷನ್ ಇರುವುದಿಲ್ಲ, ಹೊರಗಿನ ವೋಲ್ಟೇಜ್ ಇಳಿದಷ್ಟೇ ಪ್ರಮಾಣದಲ್ಲಿ ಒಳಗಿನದೂ ಇಳಿಯುತ್ತದೆ. 230ರಿಂದ 190ಕ್ಕೆ ಬಂದರೆ ಗರಿಷ್ಠ ಪವರ್ ಶೇ 68ಕ್ಕೆ ಇಳಿಯುತ್ತದೆ: 50 ವ್ಯಾಟ್ ಇದ್ದದ್ದು 34. ಕಿವಿಗೆ ಇದು ಒಂದೂವರೆ ಡೆಸಿಬಲ್‌ಗಿಂತ ತುಸು ಹೆಚ್ಚು, ಅದೂ ವಾಲ್ಯೂಮ್ ತುದಿಗೆ ಏರಿಸಿದಾಗ ಮಾತ್ರ. 100-240 ಅಂತ ಬರೆದಿರುವ ಎಸ್‌ಎಂಪಿಎಸ್ (ಸ್ವಿಚಿಂಗ್ ಪವರ್ ಸಪ್ಲೈ) ಇರುವ ಉಪಕರಣಕ್ಕೆ ಅಷ್ಟೂ ಆಗುವುದಿಲ್ಲ. ಆದ್ದರಿಂದ 195-245 ನಡುವೆ ಓಡಾಡುವ ಮನೆಗೆ ಸ್ಟೆಬಿಲೈಸರ್ ಬೇಡ, ಕಟ್‌ಆಫ್ ಸಾಕು. 180ಕ್ಕಿಂತ ಕೆಳಗೆ ದಿನಾ ಇಳಿಯುತ್ತದೆ, ರಿಸೀವರ್‌ನ ರಿಲೇ ಬಿಟ್ಟುಕೊಳ್ಳುತ್ತದೆ, ಅಥವಾ ಟ್ರಾನ್ಸ್‌ಫಾರ್ಮರ್ ಪಕ್ಕದ ಮನೆಯಾಗಿ ರಾತ್ರಿ ಹೊತ್ತು 255 ದಾಟುತ್ತದೆ ಅಂದರೆ ಮಾತ್ರ ಮುಂದೆ ಓದಿ.

ರಿಲೇ ಬಗೆಯದು ಅಗ್ಗ. ಆಟೋ ಟ್ರಾನ್ಸ್‌ಫಾರ್ಮರ್‌ನ (ಒಂದೇ ಸುರುಳಿಯದು) ಟ್ಯಾಪ್‌ಗಳನ್ನು ಟಕ್ ಟಕ್ ಅಂತ ಬದಲಿಸುತ್ತದೆ. ಪ್ರತಿ ಟಕ್‌ಗೆ ಔಟ್‌ಪುಟ್ 15-20 ವೋಲ್ಟ್ ಹಾರುತ್ತದೆ, ನಡುವೆ ಕೆಲವು ಮಿಲಿಸೆಕೆಂಡ್ ಕರೆಂಟೇ ಇರುವುದಿಲ್ಲ. ಆಂಪ್ಲಿಫೈಯರ್‌ನ ಕೆಪ್ಯಾಸಿಟರ್‌ಗಳು ಅದನ್ನು ತಾಳಿಕೊಳ್ಳುತ್ತವೆ, ಆದರೆ ರಿಲೇ ಕಿಡಿಯ ಸದ್ದು ಫೋನೋ ಸ್ಟೇಜ್‌ನಲ್ಲಿ (ರೆಕಾರ್ಡ್ ಪ್ಲೇಯರ್‌ನ ಪುಟ್ಟ ಸಿಗ್ನಲ್ ಹಿಗ್ಗಿಸುವ ಭಾಗ) ಪಟ್ ಅಂತ ಕೇಳಿಸುತ್ತದೆ. ದೊಡ್ಡ ಭಯ ಬೇರೆ: ರಿಲೇ ಕಾಂಟ್ಯಾಕ್ಟ್ ಬೂಸ್ಟ್ ಟ್ಯಾಪ್‌ನಲ್ಲೇ ಬೆಸೆದುಕೊಂಡಿತು, ಅಷ್ಟರಲ್ಲಿ ಲೈನ್ 240ಕ್ಕೆ ಬಂತು, ಬೂಸ್ಟ್ ಶೇ 20ರದಾಗಿದ್ದರೆ ಔಟ್‌ಪುಟ್ 288. ಹಾಗಾಗಿ ಔಟ್‌ಪುಟ್‌ಗೆ ಪ್ರತ್ಯೇಕ ಹೈ ಕಟ್‌ಆಫ್ ಇಲ್ಲದ ಮಾದರಿಯನ್ನು ಮುಟ್ಟಲೇಬೇಡಿ. ಫ್ರಿಜ್ ಸ್ಟೆಬಿಲೈಸರ್‌ಗೇ ಸಿಸ್ಟಮ್ ಹಂಚುವುದೂ ಬೇಡ.

ಸರ್ವೋದಲ್ಲಿ ಮೋಟರ್ ಒಂದು ಕಾರ್ಬನ್ ಬ್ರಷ್ಷನ್ನು ಸುರುಳಿಯ ಮೇಲೆ ಓಡಿಸುತ್ತದೆ. ಔಟ್‌ಪುಟ್ ಶೇ 1ರ ಆಚೀಚೆ ನಿಲ್ಲುತ್ತದೆ, ಜಿಗಿತ ಇಲ್ಲ. ತಿದ್ದುವ ವೇಗ ಸೆಕೆಂಡಿಗೆ 25 ವೋಲ್ಟ್ ಅಂತಿದ್ದರೆ 180ರಿಂದ 230ಕ್ಕೆ ಎರಡು ಸೆಕೆಂಡ್. ಇದರ ಗುಟ್ಟಿನ ದೋಷ ಕರೆಂಟ್ ಹೋಗಿ ಬಂದಾಗ ಹೊರಬೀಳುತ್ತದೆ. ಲೋ ವೋಲ್ಟೇಜ್ ಇರುವಾಗ ಹೋಯಿತು, ಬ್ರಷ್ ಬೂಸ್ಟ್ ತುದಿಯಲ್ಲಿ ನಿಂತಿದೆ. ಬರುವಾಗ 240 ಬಂದರೆ ಮೋಟರ್ ಹಿಂದಕ್ಕೆ ಓಡುವವರೆಗೆ ಔಟ್‌ಪುಟ್ 280 ದಾಟಿರುತ್ತದೆ. ಆನ್ ಆದ ಮೇಲೆ ಐದಾರು ಸೆಕೆಂಡ್ ತಡೆದು ಔಟ್‌ಪುಟ್ ಕೊಡುವ ಟೈಮರ್ ಇದೆಯೇ ಅಂತ ಕೇಳಿಯೇ ಕೊಳ್ಳಿ. ವರ್ಷಕ್ಕೊಮ್ಮೆ ಬ್ರಷ್ ನೋಡಿಸಿ, ಟ್ರ್ಯಾಕಿನ ಧೂಳು ಒರೆಸಿಸಿ. ಮೋಟರ್‌ನ ಗುರ್ ಸದ್ದು ರಾತ್ರಿ ಹೊತ್ತು ಕೇಳುತ್ತದೆ, ಹಾಲ್‌ನಿಂದ ಆಚೆ ಇಡುವುದು ಲೇಸು. ಖಾಲಿ ಕೂತಾಗಲೂ 40 ವ್ಯಾಟ್ ತಿನ್ನುವ ಸರ್ವೋ ತಿಂಗಳಿಗೆ ಹತ್ತಿರ ಹತ್ತಿರ 29 ಯೂನಿಟ್ ನುಂಗುತ್ತದೆ. ಗೃಹಜ್ಯೋತಿಯ 200ರ ಅಂಚಿನಲ್ಲಿರುವ ಮನೆಗೆ ಇದು ಸಣ್ಣ ಲೆಕ್ಕವಲ್ಲ, ಹಾಡು ಕೇಳಿ ಮುಗಿದ ಮೇಲೆ ಆಫ್ ಮಾಡಿ.

ಮೋಟರ್, ರಿಲೇ ಎರಡೂ ಇಲ್ಲದ ಸ್ಟ್ಯಾಟಿಕ್ ಸ್ಟೆಬಿಲೈಸರ್‌ಗಳು ವೇಗದಲ್ಲಿ ಮುಂದು. ಆದರೆ ಒಳಗಿನ ಐಜಿಬಿಟಿ ಟ್ರಾನ್ಸಿಸ್ಟರ್‌ಗಳ ಸ್ವಿಚಿಂಗ್‌ನಿಂದ ಹೈ ಫ್ರೀಕ್ವೆನ್ಸಿ ಗಲಾಟೆ ಬರುತ್ತದೆ, ಕೊಳ್ಳುವ ಮೊದಲು ಮನೆಗೆ ತರಿಸಿ ಫೋನೋ ಇನ್‌ಪುಟ್‌ನಲ್ಲಿ ಕಿವಿಗೊಟ್ಟು ಕೇಳಿ.

ಸೈಜ್ ಲೆಕ್ಕ ಹೀಗೆ. ಆಂಪ್ಲಿಫೈಯರ್ ಹಿಂದೆ 300 ವ್ಯಾಟ್ ಅಂತ ಬರೆದಿದೆ ಅನ್ನಿ. ಟ್ರಾನ್ಸ್‌ಫಾರ್ಮರ್-ರೆಕ್ಟಿಫೈಯರ್ ಸಪ್ಲೈ ಕರೆಂಟನ್ನು ಚೂಪು ಚೂಪಾಗಿ ಎಳೆಯುವುದರಿಂದ ಪವರ್ ಫ್ಯಾಕ್ಟರ್ (ವ್ಯಾಟ್‌ಗೂ ವಿಎಗೂ ಇರುವ ಅನುಪಾತ) 0.65ರಷ್ಟು, ಅಂದರೆ 460 ವಿಎ (ವೋಲ್ಟ್ × ಆಂಪಿಯರ್). ಇನ್‌ಪುಟ್ ಇಳಿದಾಗ ಸ್ಟೆಬಿಲೈಸರ್‌ನ ಕಸುವೂ ಇಳಿಯುತ್ತದೆ. ಆದ್ದರಿಂದ 1 ಕೆವಿಎ. ರಿಸೀವರ್, ಸಬ್‌ವೂಫರ್, ಟಿವಿ ಎಲ್ಲ ಸೇರಿದರೆ 2 ಕೆವಿಎ. ಒಂದು ನೆನಪಿರಲಿ: ಇವೆಲ್ಲ ಆಟೋ ಟ್ರಾನ್ಸ್‌ಫಾರ್ಮರ್‌ಗಳು. ನ್ಯೂಟ್ರಲ್ ಹಾಗೇ ಹಾದುಹೋಗುತ್ತದೆ, ಯಾವ ಐಸೋಲೇಷನ್ನೂ ಇಲ್ಲ.

ಇನ್ವರ್ಟರ್ ಮತ್ತು ಯುಪಿಎಸ್

ಮನೆಯಲ್ಲಿರುವ ಹಳೇ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಆಂಪ್ಲಿಫೈಯರ್ ಓಡಿಸಬಹುದೇ ಅನ್ನುವುದು ನಿತ್ಯದ ಪ್ರಶ್ನೆ. ಓಡುತ್ತದೆ, ಚೆನ್ನಾಗಿ ಓಡುವುದಿಲ್ಲ. 230 ವೋಲ್ಟ್ ಸೈನ್ ವೇವ್‌ನ ತುದಿ 325. ಶುದ್ಧ ಸ್ಕ್ವೇರ್ ವೇವ್‌ನ ತುದಿ 230 ಮಾತ್ರ. ಆಂಪ್ಲಿಫೈಯರ್‌ನ ಕೆಪ್ಯಾಸಿಟರ್ ತುಂಬಿಕೊಳ್ಳುವುದು ತುದಿಗೆ ತಕ್ಕಂತೆ. ಹಾಗಾಗಿ ಒಳಗಿನ ವೋಲ್ಟೇಜ್ ಶೇ 30 ಇಳಿದು ಪವರ್ ಅರ್ಧಕ್ಕೆ ಬರುತ್ತದೆ. ಜೊತೆಗೆ ಚೂಪಾದ ಅಂಚುಗಳಿಂದ ಟ್ರಾನ್ಸ್‌ಫಾರ್ಮರ್ ಜೇನುನೊಣದಂತೆ ಝೇಂಕರಿಸುತ್ತದೆ, ಬಿಸಿಯೂ ಆಗುತ್ತದೆ. ಸೈನ್ ವೇವ್ ಇನ್ವರ್ಟರ್‌ನಲ್ಲಿ ಈ ತೊಂದರೆ ಇಲ್ಲ. ಆದರೆ ಕರೆಂಟ್ ಇರುವಾಗ ಅದು ಲೈನನ್ನು ಬಹುತೇಕ ಹಾಗೇ ಒಳಗೆ ಬಿಡುತ್ತದೆ ಅನ್ನುವುದನ್ನು ಮರೆಯಬೇಡಿ. ಮೇನ್ಸ್ ಮೋಡ್‌ನಲ್ಲಿ ಅದರಿಂದ ಧ್ವನಿಗೆ ಯಾವ ಲಾಭವೂ ಇಲ್ಲ.

ಆನ್‌ಲೈನ್ ಯುಪಿಎಸ್ ಮಾತ್ರ ಎಸಿಯನ್ನು ಡಿಸಿ ಮಾಡಿ, ಮತ್ತೆ ಹೊಸ ಎಸಿ ಹುಟ್ಟಿಸುತ್ತದೆ. ವೋಲ್ಟೇಜ್, ಫ್ರೀಕ್ವೆನ್ಸಿ ಎರಡೂ ಕಟ್ಟುನಿಟ್ಟು, ಬದಲಾಗುವ ಕ್ಷಣದಲ್ಲಿ ಅಂತರವೂ ಇಲ್ಲ. ಬೆಲೆ ತೆರುವುದು ಮೂರು ರೀತಿಯಲ್ಲಿ: ಸದಾ ತಿರುಗುವ ಫ್ಯಾನ್, ನಷ್ಟವಾಗಿ ಹೋಗುವ ಶೇ 10-15 ವಿದ್ಯುತ್, ಮೂರು ನಾಲ್ಕು ವರ್ಷಕ್ಕೊಮ್ಮೆ ಬ್ಯಾಟರಿ. ಹೈ-ಫೈ ಲೋಕದ ದುಬಾರಿ “ಪವರ್ ರೀಜನರೇಟರ್” ಮಾಡುವುದೂ ತತ್ವದಲ್ಲಿ ಇದೇ ಕೆಲಸ, ಬ್ಯಾಟರಿ ಇಲ್ಲದೆ, ಕಡಿಮೆ ಸದ್ದಿನಲ್ಲಿ. ಹಗಲಿಗೆ ಹತ್ತು ಸಲ ಕರೆಂಟ್ ಹೋಗುವ ಊರಿನಲ್ಲಿ, ಹಾರ್ಡ್ ಡಿಸ್ಕ್ ಇರುವ ಮ್ಯೂಸಿಕ್ ಸರ್ವರ್ ಇದ್ದರೆ 1 ಕೆವಿಎ ಆನ್‌ಲೈನ್ ಯುಪಿಎಸ್ ಪಕ್ಕದ ಕೋಣೆಯಲ್ಲಿಟ್ಟು ಇಲ್ಲಿಗೆ ವೈರ್ ತರುವುದು ಸಮಂಜಸ. ಬರೀ ಸಿಡಿ, ಆಂಪ್ಲಿಫೈಯರ್ ಇರುವವರಿಗೆ ಅದು ದುಂದು.

ಗುಂಯ್ ಸದ್ದಿಗೆ

ಮೊದಲು ಸದ್ದು ಎಲ್ಲಿಂದ ಅಂತ ಬೇರ್ಪಡಿಸಿ. ಸ್ಪೀಕರ್‌ನಿಂದಲ್ಲ, ಆಂಪ್ಲಿಫೈಯರ್ ಪೆಟ್ಟಿಗೆಯಿಂದಲೇ ಬರುತ್ತಿದ್ದರೆ ಅದು ಟ್ರಾನ್ಸ್‌ಫಾರ್ಮರ್‌ನ ಮೈನಡುಕ. ಯಾರೋ ಹೇರ್ ಡ್ರೈಯರ್ ಅರ್ಧ ಸ್ಪೀಡಿನಲ್ಲಿ ಓಡಿಸಿದಾಗ ಜೋರಾಗುತ್ತಿದ್ದರೆ ಲೈನ್‌ನಲ್ಲಿ ಡಿಸಿ ಅಂಶ ಸೇರಿ ಟೊರಾಯ್ಡ್‌ನ (ಬಳೆಯಾಕಾರದ ಟ್ರಾನ್ಸ್‌ಫಾರ್ಮರ್) ಕೋರ್ ಸ್ಯಾಚುರೇಟ್ ಆಗುತ್ತಿದೆ. ಅದಕ್ಕೆ ಡಿಸಿ ಬ್ಲಾಕರ್: ಎರಡು ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರ್ ಬೆನ್ನಿಗೆ ಬೆನ್ನು, ತಲಾ 10,000 ಮೈಕ್ರೊಫ್ಯಾರಡ್ ಅಥವಾ ಹೆಚ್ಚು, 16 ವೋಲ್ಟ್, ಅವಕ್ಕೆ ಅಡ್ಡಲಾಗಿ ಪ್ಲಸ್ ಮೈನಸ್ ಶಾರ್ಟ್ ಮಾಡಿದ 35 ಆಂಪಿಯರ್ ಬ್ರಿಡ್ಜ್ ರೆಕ್ಟಿಫೈಯರ್. ಸುಮಾರು 1.4 ವೋಲ್ಟ್‌ವರೆಗಿನ ಡಿಸಿ ತಡೆಯುತ್ತದೆ. ಇದು ಮೇನ್ಸ್ ಮೇಲೆ ಕೂರುವ ಸರ್ಕ್ಯೂಟ್, ಫ್ಯೂಸ್ ಹಾಕಿ ಮುಚ್ಚಿದ ಪೆಟ್ಟಿಗೆಯಲ್ಲೇ ಇರಬೇಕು, ಅರ್ಥ್ ವೈರ್‌ಗೆ ಮಾತ್ರ ಎಂದೂ ಸರಣಿಯಲ್ಲಿ ಹಾಕಬಾರದು.

ಸ್ಪೀಕರ್‌ನಿಂದ ಬರುತ್ತಿದ್ದರೆ ಎಲ್ಲ ಇನ್‌ಪುಟ್ ಕೇಬಲ್ ಕಿತ್ತುಬಿಡಿ. ಆಗಲೂ ಇದ್ದರೆ ಆಂಪ್ಲಿಫೈಯರ್‌ನ ಕೆಪ್ಯಾಸಿಟರ್‌ಗಳಿಗೆ ವಯಸ್ಸಾಗಿದೆ, 100 ಹರ್ಟ್ಸ್‌ನ ಒರಟು ಝರ್ ಕೇಳುತ್ತದೆ. ನಿಂತುಹೋದರೆ ಒಂದೊಂದೇ ಕೇಬಲ್ ವಾಪಸ್ ಹಾಕುತ್ತ ಬನ್ನಿ, ಯಾವುದಕ್ಕೆ ಶುರುವಾಯಿತೋ ಅದೇ ಕಳ್ಳ. ಬಹುಪಾಲು ಅದು ಸೆಟ್‌ಟಾಪ್ ಬಾಕ್ಸ್ ಅಥವಾ ಬೇರೆ ಗೋಡೆಯ ಸಾಕೆಟ್‌ಗೆ ಹಾಕಿದ ಸಬ್‌ವೂಫರ್. ಎಲ್ಲವನ್ನೂ ಒಂದೇ ಸಾಕೆಟ್‌ನಿಂದ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ತಂದು ನೋಡಿ. ಸಬ್‌ವೂಫರ್ ದೂರ ಇದ್ದರೆ ಆರ್‌ಸಿಎ ಸಾಲಿನಲ್ಲಿ ಒಂದಕ್ಕೊಂದು ಅನುಪಾತದ 10 ಕಿಲೋ ಓಮ್ ಆಡಿಯೋ ಟ್ರಾನ್ಸ್‌ಫಾರ್ಮರ್. ಕೇಬಲ್ ಟಿವಿ ಆದರೆ ಅದರ ಕೋಆಕ್ಸ್ ಕೇಬಲ್‌ನಲ್ಲಿ ಗ್ಯಾಲ್ವಾನಿಕ್ ಐಸೋಲೇಟರ್. ಡಿಟಿಎಚ್‌ಗೆ ಇದು ನಡೆಯದು, ಡಿಶ್‌ನ ಎಲ್‌ಎನ್‌ಬಿಗೆ (ಸಿಗ್ನಲ್ ಹಿಡಿಯುವ ಮೂತಿ) ಕರೆಂಟ್ ಹೋಗುವುದೇ ಆ ಕೋಆಕ್ಸ್‌ನಲ್ಲಿ. ಅಲ್ಲಿ ಧ್ವನಿಯನ್ನು ಆಪ್ಟಿಕಲ್ ಕೇಬಲ್‌ನಲ್ಲಿ ತನ್ನಿ, ಲೂಪ್ ಅಲ್ಲಿಗೇ ಕಡಿಯುತ್ತದೆ.

ಅರ್ಥ್ ಪಿನ್ ಮುರಿದರೆ ಸದ್ದು ನಿಲ್ಲುತ್ತದೆ, ನಿಜ. ಮುಂದೊಂದು ದಿನ ಟ್ರಾನ್ಸ್‌ಫಾರ್ಮರ್ ಇನ್ಸುಲೇಷನ್ ಹೋದಾಗ ವಾಲ್ಯೂಮ್ ನಾಬ್ ಮುಟ್ಟಿದವರ ಹೃದಯವೂ ನಿಲ್ಲಬಹುದು. ಎರಡು ಪಿನ್‌ನ ಅಡಾಪ್ಟರ್ ಇರುವ ಉಪಕರಣ ಮುಟ್ಟಿದಾಗ ಜುಮ್ ಅನ್ನುವುದು ಬೇರೆ ವಿಷಯ. ಅದು ಗದ್ದಲ ಸೋಸಲು ಒಳಗೆ ಹಾಕಿರುವ ವೈ ಕೆಪ್ಯಾಸಿಟರ್‌ನಿಂದ ಸೋರುವ ಮಿಲಿಆಂಪ್‌ಗಿಂತ ಕಡಿಮೆ ಕರೆಂಟ್.

ಈಗ ಐಸೋಲೇಷನ್ ಟ್ರಾನ್ಸ್‌ಫಾರ್ಮರ್. ನಮ್ಮಲ್ಲಿ ಲ್ಯಾಬ್, ಆಸ್ಪತ್ರೆಗಳಿಗೆ ಮಾರುವ “ಅಲ್ಟ್ರಾ ಐಸೋಲೇಷನ್” ಮಾದರಿಗಳು ಹೈ-ಫೈ ಹೆಸರಿನ ಪೆಟ್ಟಿಗೆಗಳಿಗಿಂತ ಅಗ್ಗ, ಕೆಲಸದಲ್ಲಿ ಕಡಿಮೆ ಇಲ್ಲ. ಸುರುಳಿಗಳ ನಡುವಿನ ತಾಮ್ರದ ಶೀಲ್ಡ್ ಪಕ್ಕದ ವರ್ಕ್‌ಶಾಪ್‌ನ ಮೋಟರ್, ಸೋಲಾರ್ ಇನ್ವರ್ಟರ್‌ಗಳ ಹೈ ಫ್ರೀಕ್ವೆನ್ಸಿ ಗದ್ದಲವನ್ನು ಚೆನ್ನಾಗಿ ತಡೆಯುತ್ತದೆ. ವೋಲ್ಟೇಜ್ ತಿದ್ದುವುದಿಲ್ಲ. ಉಪಕರಣಗಳ ನಡುವಿನ ಅರ್ಥ್ ಲೂಪನ್ನೂ ಕಡಿಯುವುದಿಲ್ಲ, ಏಕೆಂದರೆ ಅರ್ಥ್ ವೈರ್ ಅದರ ಮೂಲಕ ಹಾಗೇ ಹಾಯುತ್ತದೆ. ಲೋಡ್‌ನ ಎರಡರಷ್ಟು ವಿಎ ಇರಲಿ, ಸಣ್ಣದಾದರೆ ಬಾಸ್ ಹೊಡೆತಕ್ಕೆ ವೋಲ್ಟೇಜ್ ಜಗ್ಗುತ್ತದೆ. ಆನ್ ಮಾಡಿದ ಕ್ಷಣದ ಕರೆಂಟಿಗೆ ಬೇಗ ಬೀಳುವ ಬಿ ಕರ್ವ್ ಎಂಸಿಬಿ ನಿಲ್ಲುವುದಿಲ್ಲ, ಹೆಚ್ಚು ತಾಳುವ ಸಿ ಕರ್ವ್ ಹಾಕಿಸಿ. ಮರೆಯಬಾರದ ಅಂಶ: ಇದರ ಔಟ್‌ಪುಟ್‌ನಲ್ಲಿ ಆಗುವ ಅರ್ಥ್ ಫಾಲ್ಟ್ ಡಿಬಿಯ ಆರ್‌ಸಿಸಿಬಿಗೆ ಕಾಣುವುದೇ ಇಲ್ಲ. ಸೆಕೆಂಡರಿಯ ಒಂದು ತುದಿಯನ್ನು ಅರ್ಥ್‌ಗೆ ಕಟ್ಟಿ ಹೊಸ ನ್ಯೂಟ್ರಲ್ ಮಾಡಿ, ಅದರ ಮುಂದೆ ಇನ್ನೊಂದು 30 ಮಿಲಿಆಂಪ್ ಆರ್‌ಸಿಸಿಬಿ ಹಾಕಿಸಬೇಕು. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೆಲಸ ಇದು.

ಫಿಲ್ಟರ್ ಪೆಟ್ಟಿಗೆಗಳ ಬಗ್ಗೆ ಒಂದೇ ಮಾತು. ಪ್ರತಿ ಫಿಲ್ಟರ್‌ನ 4.7 ನ್ಯಾನೊಫ್ಯಾರಡ್ ವೈ ಕೆಪ್ಯಾಸಿಟರ್ ಅರ್ಥ್‌ಗೆ 0.34 ಮಿಲಿಆಂಪ್ ಸೋರಿಸುತ್ತದೆ. ಹೀಗೆ ಒಂದರ ಹಿಂದೊಂದು ಪೋಣಿಸುತ್ತ ಹೋದರೆ ಆರ್‌ಸಿಸಿಬಿ ಕಾರಣವಿಲ್ಲದೆ ಬೀಳಬಹುದು. ದಪ್ಪ ಪವರ್ ಕೇಬಲ್‌ಗೆ ಹತ್ತಾರು ಸಾವಿರ ಸುರಿಯುವವರು ಗೋಡೆಯೊಳಗಿನ 20 ಮೀಟರ್ ವೈರನ್ನು ನೆನಪಿಸಿಕೊಂಡರೆ ಒಳ್ಳೆಯದು.

ಸಣ್ಣ ಉಪಕರಣಗಳ ಸಪ್ಲೈ: ಇಲ್ಲಿ ಅಪ್‌ಗ್ರೇಡ್‌ಗೆ ಅರ್ಥವಿದೆ

ಡ್ಯಾಕ್ (ಡಿಜಿಟಲ್ ಹಾಡನ್ನು ಅನಲಾಗ್ ಮಾಡುವ ಪೆಟ್ಟಿಗೆ), ಸ್ಟ್ರೀಮರ್, ಫೋನೋ ಸ್ಟೇಜ್‌ಗಳ ಜೊತೆ ಬರುವ ಅಡಾಪ್ಟರ್ ಕೆಲವೊಮ್ಮೆ ನಿಜಕ್ಕೂ ಕಳಪೆ. ಫೋನೋ ಸ್ಟೇಜ್‌ನಲ್ಲಿ ಸಿಗ್ನಲ್ ಮಿಲಿವೋಲ್ಟ್‌ಗಳಲ್ಲಿ ಇರುವುದರಿಂದ ಲೀನಿಯರ್ ಸಪ್ಲೈನ ವ್ಯತ್ಯಾಸ ಸ್ಪಷ್ಟ. ಒಳಗೇ ಒಳ್ಳೆಯ ರೆಗ್ಯುಲೇಟರ್ ಇರುವ ಡ್ಯಾಕ್‌ನಲ್ಲಿ ಬಹಳ ಸಲ ಏನೂ ಬದಲಾಗುವುದಿಲ್ಲ.

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಾಮಾನು ತಂದು ಕಟ್ಟುವವರಿಗೆ ಲೆಕ್ಕ: 5 ವೋಲ್ಟ್, 2 ಆಂಪಿಯರ್ ಬೇಕು ಅನ್ನಿ. ಎಲ್‌ಎಂ317 ರೆಗ್ಯುಲೇಟರ್ ಚಿಪ್ ಸಾಲದು, ಅದು 1.5 ಆಂಪಿಯರ್‌ನದು. ಎಲ್‌ಎಂ338 ಹಿಡಿಯಿರಿ, 5 ಆಂಪಿಯರ್. ರೆಕ್ಟಿಫೈಯರ್ ನಂತರ 10,000 ಮೈಕ್ರೊಫ್ಯಾರಡ್ ಇಟ್ಟರೆ 2 ಆಂಪಿಯರ್ ಲೋಡ್‌ಗೆ ಏರಿಳಿತ ಸುಮಾರು 2 ವೋಲ್ಟ್. ರೆಗ್ಯುಲೇಟರ್‌ಗೆ ಮೇಲೆ ಮೂರು ವೋಲ್ಟ್ ಆದರೂ ಬೇಕು. ಹಾಗಾಗಿ ಆ ಏರಿಳಿತದ ಕಣಿವೆಯಲ್ಲೂ 8 ವೋಲ್ಟ್ ಉಳಿಯಬೇಕು, ಅದೂ ಲೈನ್ 200ಕ್ಕೆ ಇಳಿದಾಗ. 9 ವೋಲ್ಟ್ ಸೆಕೆಂಡರಿ ಇದಕ್ಕೆ ಸರಿ. ಸರಾಸರಿ 10 ವೋಲ್ಟ್ ಬಂದರೆ ರೆಗ್ಯುಲೇಟರ್‌ನಲ್ಲಿ 10 ವ್ಯಾಟ್ ಶಾಖ, ಲೈನ್ ಏರಿದಾಗ ಇನ್ನೂ ಜಾಸ್ತಿ. ಬೆರಳಗಲದ ಹೀಟ್ ಸಿಂಕ್ ಹಾಕಿ ಮುಚ್ಚಿಟ್ಟರೆ ಅರ್ಧ ಗಂಟೆಗೆ ಥರ್ಮಲ್ ಶಟ್‌ಡೌನ್. ಎಲ್‌ಟಿ3045 ಥರದ 0.8 ಮೈಕ್ರೊವೋಲ್ಟ್ ನಾಯ್ಸ್‌ನ ರೆಗ್ಯುಲೇಟರ್ ಒಂದಕ್ಕೆ ಅರ್ಧ ಆಂಪಿಯರ್ ಮಾತ್ರ ಅನ್ನುವುದು ಗಮನದಲ್ಲಿರಲಿ. ಸ್ಟ್ರೀಮರ್ ಮಾಡಿಕೊಳ್ಳುವ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈ 4 ಕೇಳುವುದು 5.1 ವೋಲ್ಟ್, 3 ಆಂಪಿಯರ್. ಸಣಕಲು ಯುಎಸ್‌ಬಿ ಕೇಬಲ್‌ನಲ್ಲಿ ಅರ್ಧ ವೋಲ್ಟ್ ಇಳಿದರೆ ಹಾಡು ನಡುನಡುವೆ ನಿಲ್ಲುತ್ತದೆ, ಬೈಗುಳ ಸಾಫ್ಟ್‌ವೇರ್‌ಗೆ ಬೀಳುತ್ತದೆ. ಜ್ಯಾಕ್ 5.5 ಮಿ.ಮೀ. ಆದರೂ ಒಳಗಿನ ಪಿನ್ 2.1, 2.5 ಎರಡಿವೆ, ನಡುಪಿನ್ ಪ್ಲಸ್ ಹೌದೇ ಅಂತ ಮೀಟರ್ ಇಟ್ಟು ನೋಡದೆ ಚುಚ್ಚಬೇಡಿ.

ಆಂಪ್ಲಿಫೈಯರ್‌ನ ಕೆಪ್ಯಾಸಿಟರ್ ಹಳೆಯದಾಗಿದ್ದರೆ ಅದೇ ಮೌಲ್ಯದ 105 ಡಿಗ್ರಿಯದು ಹಾಕಿಸಿ. ಶಾಖ 10 ಡಿಗ್ರಿ ಏರಿದಂತೆ ಅದರ ಆಯಸ್ಸು ಅರ್ಧವಾಗುತ್ತದೆ. 10,000 ಇದ್ದಲ್ಲಿ 22,000 ಹಾಕಿದರೆ ಬಾಸ್ ಗಟ್ಟಿಯಾಗುತ್ತದೆ ಅನ್ನುವ ಆಸೆಗೆ ಬೀಳುವ ಮುನ್ನ ಯೋಚಿಸಿ: ಚಾರ್ಜಿಂಗ್ ಕರೆಂಟ್ ಇನ್ನೂ ಚೂಪಾಗಿ ಬ್ರಿಡ್ಜ್, ಫ್ಯೂಸ್, ಟ್ರಾನ್ಸ್‌ಫಾರ್ಮರ್ ಮೂರಕ್ಕೂ ಹೊರೆ. 35 ವೋಲ್ಟ್ ಇರುವ ರೈಲ್ (ಒಳಗಿನ ಡಿಸಿ ಸಪ್ಲೈ), ಹೊರಗಿನ ಲೈನ್ 250 ಆದಾಗ 38 ಆಗುತ್ತದೆ, ಹಾಗಾಗಿ 50 ವೋಲ್ಟ್ ರೇಟಿಂಗ್‌ಗಿಂತ ಕಡಿಮೆಯದು ಬೇಡ. ಕೈಹಾಕುವ ಮುನ್ನ 1 ಕಿಲೋ ಓಮ್, 5 ವ್ಯಾಟ್ ರೆಸಿಸ್ಟರ್ ಅಡ್ಡ ಹಿಡಿದು ಒಂದು ನಿಮಿಷ ಖಾಲಿ ಮಾಡಿ, ಮೀಟರ್‌ನಲ್ಲಿ ಸೊನ್ನೆ ನೋಡಿ.

ಅಮೆರಿಕದಿಂದ ಬಂದ ರಿಸೀವರ್

ಮಗಳೋ ಅಳಿಯನೋ ಬರುವಾಗ ತಂದ 120 ವೋಲ್ಟ್ ಉಪಕರಣಕ್ಕೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಜಪಾನಿನದಾದರೆ 100 ವೋಲ್ಟ್‌ನದು, 120ರದಕ್ಕೆ ಹಾಕಿದರೆ ನಿಧಾನಕ್ಕೆ ಬೇಯುತ್ತದೆ. ಲೇಬಲ್‌ನಲ್ಲಿ 60 ಹರ್ಟ್ಸ್ ಮಾತ್ರ ಅಂತಿದ್ದರೆ ವೋಲ್ಟೇಜ್ ಸರಿಯಿದ್ದರೂ ನಮ್ಮ 50 ಹರ್ಟ್ಸ್‌ನಲ್ಲಿ ಒಳಗಿನ ಟ್ರಾನ್ಸ್‌ಫಾರ್ಮರ್‌ನ ಫ್ಲಕ್ಸ್ ಶೇ 20 ಏರಿ ಬಿಸಿ, ಸದ್ದು ಎರಡೂ ಬರುತ್ತವೆ. 110ಕ್ಕೆ ಸುತ್ತಿಸಿದ ಸ್ಟೆಪ್‌ಡೌನ್ ಹಾಕಿದರೆ ಸ್ವಲ್ಪ ತಣ್ಣಗಿರುತ್ತದೆ. ಅಮೆರಿಕದ ಟರ್ನ್‌ಟೇಬಲ್‌ನಲ್ಲಿ ಸಿಂಕ್ರನಸ್ ಎಸಿ ಮೋಟರ್ ಇದ್ದರಂತೂ ಯಾವ ಸ್ಟೆಪ್‌ಡೌನ್ ಕೂಡ ಸಹಾಯಕ್ಕೆ ಬಾರದು. ವೇಗ ನಿರ್ಧರಿಸುವುದು ಹರ್ಟ್ಸ್, 33⅓ ಸುತ್ತಿನ ರೆಕಾರ್ಡ್ 27.8ಕ್ಕೆ ತೆವಳುತ್ತದೆ. ಅದಕ್ಕೆ 50 ಹರ್ಟ್ಸ್‌ನ ಪುಲ್ಲಿ ತರಿಸಬೇಕು, ಇಲ್ಲವೇ 60 ಹರ್ಟ್ಸ್ ಹುಟ್ಟಿಸುವ ಸಣ್ಣ ಸೈನ್ ವೇವ್ ಸಪ್ಲೈ ಕೊಳ್ಳಬೇಕು. ಹತ್ತು ಹದಿನೈದು ವ್ಯಾಟ್‌ನದು ಸಾಕು.